ಫ್ಯೂಜು ಯಾರ ಕೈಯಾಗ ಐತಿ

ಮುದ್ದೇಬಿಹಾಳದಲ್ಲಿ ನಾವಿರುವ ಭಾಗದಲ್ಲಿ ಹಗಲು ಹೊತ್ತು ಕರೆಂಟು ಹೋದರೆ ಒಂದು ಕಾಲಕ್ಕೆ ಯಾರೂ ಕರೆಂಟ್ ಆಫೀಸಿಗೆ ಬಯ್ಯುತ್ತಿರಲಿಲ್ಲ. ಹೊರಗೆ ಬಂದು ಓಣಿಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, "ಯಾರ ಕೈಯಾಗ ಐತಿ?" ಎಂದು ಕೇಳುತ್ತಿದ್ದರು. ಎದುರಿನ ಕಟ್ಟೆಯ ಮೇಲಿಂದ ಯಾರಾದರೂ, ಗಿರಣಿಯವರ ಮನೆಯ ಆಯಿಯ ಕೈಯಲ್ಲಿದೆ ಎಂದರೆ ಕೇಳಿದವರು ತೃಪ್ತರಾಗಿ ಒಳಗೆ ಹೋಗುತ್ತಿದ್ದರು. ಹೊಸದಾಗಿ ವರ್ಗವಾಗಿ ಬಂದ ಮಾಸ್ತರರಿಗೂ ಬ್ಯಾಂಕಿನವರಿಗೂ ಇದು ಅರ್ಥವಾಗಲು ತಿಂಗಳೊಪ್ಪತ್ತು ಹಿಡಿಯುತ್ತಿತ್ತು. ಇಡೀ ಓಣಿಯ ಕರೆಂಟು ಹಲ್ಲಿಲ್ಲದ ಒಬ್ಬ ಮುದುಕಿಯ ಕೈಯಲ್ಲಿ ಹೇಗಿರುತ್ತದೆ ಎಂದು ಅವರು ನಗುತ್ತಿದ್ದರು. ಆದರೆ ಅದು ನಿಜವಾಗಿಯೂ ಅಲ್ಲೇ ಇರುತ್ತಿತ್ತು.

ಇಟ್ಟವರು ನಮ್ಮ ಲೈನ್‌ಮನ್. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಲ್ಲಿ ಬಹಳ ಜನಕ್ಕೆ ಗೊತ್ತಾಗಲಿಕ್ಕಿಲ್ಲ, ಯಾಕೆಂದರೆ ಎಲ್ಲರಿಗೂ ಅವರು ಕಾಕಾ. ಮೂಲತಃ ಹೂವಿನ ಹಿಪ್ಪರಗಿಯ ಕಡೆಯವರು. ಕುಳ್ಳ ಆಳು, ಖಾಕಿ ಅಂಗಿ, ಅದರ ಮೇಲೆ ಬಿಳಿ ಟೋಪಿ. ಸೈಕಲ್ಲಿನ ಹ್ಯಾಂಡಲಿಗೆ ಒಂದು ಕೆಂಪು ಬಟ್ಟೆಯ ಚೀಲ ಸದಾ ತೂಗುತ್ತಿರುತ್ತಿತ್ತು. ಕಂಬ ಏರುವ ಮೊದಲು ಟಿ.ಸಿ. ಕಟ್ಟೆಗೆ ಹೋಗಿ, ಅಂದರೆ ನಮ್ಮ ಓಣಿಗಳಿಗೆಲ್ಲ ಕರೆಂಟು ಇಳಿಸಿಕೊಡುವ ಆ ಕಬ್ಬಿಣದ ಡಬ್ಬಿಯ ಹತ್ತಿರ ಹೋಗಿ, ಪಿಂಗಾಣಿಯ ಮೂರು ಫ್ಯೂಜುಗಳನ್ನು ಕಿತ್ತು ಆ ಚೀಲಕ್ಕೆ ಹಾಕುತ್ತಿದ್ದರು. ಉಳಿದ ಲೈನ್‌ಮನ್‌ಗಳು ಕಿತ್ತ ಫ್ಯೂಜನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೋಗುತ್ತಾರೆ. ಇವರು ಏರಬೇಕಾದ ಕಂಬಕ್ಕೆ ಹತ್ತಿರದ ಮನೆಯ ಬಾಗಿಲಿಗೆ ಹೋಗಿ, ಮನೆಯೊಳಗಿನ ಎಲ್ಲರಿಗಿಂತ ಹಿರಿಯ ಹೆಣ್ಣುಮಗಳನ್ನು ಕರೆದು, ಚೀಲವನ್ನು ಆಕೆಯ ಕೈಗೆ ಕೊಡುತ್ತಿದ್ದರು.

"ಯವ್ವಾ, ಇದು ನನ್ನ ಜೀವ. ಇಳಿಯೂಮಟ ಹಿಡ್ಕೊಂಡಿರ್ರಿ."

ಇಷ್ಟೇ. ಹೇಳುವಾಗ ದನಿಯಲ್ಲಿ ಏರಿಳಿತ ಏನೂ ಇರುತ್ತಿರಲಿಲ್ಲ, ಒಂದು ಚೆರಿಗೆ ನೀರು ಕೊಡಿ ಎಂದ ಹಾಗೆ. ಆಮೇಲೆ ಕಂಬದ ಬುಡಕ್ಕೆ ಬಂದು, ಸುತ್ತಲಿನ ಮನೆಗಳಿಗೆಲ್ಲ ಕೇಳುವಂತೆ, "ಕಂಬ ಏರಾಕತ್ತೇನ್ರೀ" ಎಂದು ಕೂಗುತ್ತಿದ್ದರು. ಆಗ ಬಹಳ ಮನೆಗಳ ಬಚ್ಚಲಿಗೆ ಸೂರು ಇರಲಿಲ್ಲ. ಮೇಲೇರಿದವನ ಕಣ್ಣಿಗೆ ನಾಲ್ಕು ಮನೆಯ ಅಂಗಳ ಬೀಳುತ್ತದೆ, ಬೀಳಬಾರದ್ದೂ ಬೀಳುತ್ತದೆ. ಕೂಗಿದ ಮೇಲೆ ಒಂದಷ್ಟು ಹೊತ್ತು ಕಾಯ್ದು, ಹಿತ್ತಲುಗಳಲ್ಲಿ ಬಾಗಿಲು ಹಾಕಿದ ಸದ್ದು ಕೇಳಿಸಿಕೊಂಡು ಏರುತ್ತಿದ್ದರು. ಇಳಿದ ಮೇಲೆ ಆ ಬಾಗಿಲಿಗೆ ಹೋಗಿ, "ಇಳದೇನ್ರಿ ಯವ್ವಾ" ಎನ್ನುತ್ತಿದ್ದರು. ಆಕೆ, "ಎರಡೂ ಕಾಲ?" ಎಂದು ಕೇಳಬೇಕು. ಇವರು, "ಎರಡೂ ಕಾಲ" ಎನ್ನಬೇಕು. ಆಮೇಲೆಯೇ ಚೀಲ. ಒಂದು ಕಾಲು ನೆಲದಲ್ಲಿ, ಒಂದು ಕಾಲು ಏಣಿಯಲ್ಲಿ ಇದ್ದಾಗ ಯಾರೋ ಫ್ಯೂಜು ಹಾಕಿ ಇವರ ಜೊತೆಗಾರನೊಬ್ಬ ತೀರಿಹೋಗಿದ್ದನಂತೆ. ಅದನ್ನು ಅವರು ಒಮ್ಮೆ ಮಾತ್ರ ಹೇಳಿದ್ದರು, ಅದೂ ಸೈಕಲ್ಲಿಗೆ ಗಾಳಿ ಹಾಕುತ್ತ.

ಗಂಡಸರ ಕೈಗೆ ಯಾಕೆ ಕೊಡುವುದಿಲ್ಲ ಎಂದು ನಾನು ಕೇಳಿದ್ದುಂಟು. ಮೊದಮೊದಲು ಕೊಡುತ್ತಿದ್ದರಂತೆ. ಒಬ್ಬ ನಿವೃತ್ತ ಗುಮಾಸ್ತರು ಚೀಲ ಹಿಡಿದುಕೊಂಡೇ ಚಹಾದ ಅಂಗಡಿಗೆ ಹೋಗಿ, ಅದನ್ನು ಬೆಂಚಿನ ಮೇಲೆ ಮರೆತು, ಅಲ್ಲಿಂದ ಯಾರೋ ಪುಣ್ಯಾತ್ಮರು ಅದನ್ನು ತಂದು ಟಿ.ಸಿ.ಗೆ ಹಾಕುವಷ್ಟರಲ್ಲಿ ಇವರು ದೇವರ ದಯೆಯಿಂದ ಇಳಿದಿದ್ದರಂತೆ. ಹೆಂಗಸರದ್ದು ಹಾಗಲ್ಲ. ಅವರ ಕೈಗೆ ಒಂದು ವಸ್ತು ಕೊಟ್ಟು ಜೋಪಾನ ಎಂದರೆ, ಕೊಟ್ಟವನೇ ಬಂದು ಕೇಳಿದರೂ ಎರಡು ಸಲ ನೋಡಿ ಕೊಡುತ್ತಾರೆ ಎಂದು ಅವರ ನಂಬಿಕೆ. ಈ ನಂಬಿಕೆಯಿಂದ ಊರಿಗೆ ತೊಂದರೆಯೂ ಆಗಿದೆ. ಪಿಂಜಾರರ ಓಣಿಯ ಒಬ್ಬ ಆಪಾ ಚೀಲವನ್ನು ಜೋಪಾನ ಮಾಡಲು ಹೋಗಿ ಬಂಗಾರವಿಡುವ ಟ್ರೆಜರಿಯಲ್ಲಿಟ್ಟು ಕದ ದೂಡಿಬಿಟ್ಟಳು. ಅದರ ಕೀಲಿ ಗಂಡನ ಕಿಸೆಯಲ್ಲಿತ್ತು. ಗಂಡ ಇಂಡಿಗೆ ಬೀಗರ ಮನೆಗೆ ಹೋಗಿದ್ದ. ಆತ ಬಸ್ಸಿಳಿದು ಬರುವವರೆಗೆ ನಾಲ್ಕು ಓಣಿ ಸೆಕೆಯಲ್ಲಿ ಕೂತವು. ಆಫೀಸಿನವರು ಬೇರೆ ಫ್ಯೂಜು ಹಾಕುತ್ತೇವೆ ಎಂದು ಬಂದರು. ಕಾಕಾ ಅಡ್ಡ ನಿಂತರು. ಆ ಹೆಣ್ಣುಮಗಳು ನನ್ನ ಜೀವವನ್ನು ಬಂಗಾರದ ಜೊತೆಗೆ ಇಟ್ಟಿದ್ದಾಳೆ, ಆಕೆಗೆ ಅವಮಾನ ಮಾಡಬೇಡಿ ಎಂದು ಅವರ ವಾದ. ಮುಂದಿನ ಸಲವೂ ಅದೇ ಮನೆಗೇ ಕೊಟ್ಟರು.

ನಡೆಯುವಾಗಲೂ ಸೈಕಲ್ಲಿನ ಮೇಲೂ ಅವರ ಕಣ್ಣು ಮೇಲೆಯೇ ಇರುತ್ತಿತ್ತು. ತಂತಿ ನೋಡುತ್ತ ಹೋಗಿ ಗಟಾರಕ್ಕೆ ಸೈಕಲ್ ಇಳಿಸಿದ್ದು ಲೆಕ್ಕವಿಲ್ಲ. ಜನರ ಮುಖ ಅವರಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ. ಮೇಲಿಂದ ನೋಡಿದರೆ ಎಲ್ಲರೂ ಬರೀ ನೆತ್ತಿ ಎಂದು ಹೇಳುತ್ತಿದ್ದರು. ನನ್ನನ್ನು ಮಾತ್ರ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಯಾಕೆಂದರೆ ನಾನು ಅವರ ಕಂಬಗಳಿಗೆ ತಗಲಿಕೊಂಡ ಪೀಡೆ.

ನಾನು ಊರಿಗೆ ಕೇಬಲ್ ಟಿವಿ ತಂದವನು. ತೊಂಬತ್ತರ ದಶಕದ ನಡುವೆ, ನಮ್ಮಣ್ಣನ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ನಿಲ್ಲಲು ಮನಸ್ಸಿಲ್ಲದೆ, ಮಾಳಿಗೆಯ ಮೇಲೆ ಒಂದು ದೊಡ್ಡ ಡಿಶ್ ಕೂರಿಸಿ ಮನೆಮನೆಗೆ ಕರಿಯ ತಂತಿ ಎಳೆದೆ. ಮಾಳಿಗೆಯಿಂದ ಮಾಳಿಗೆಗೆ, ಬೇವಿನ ಗಿಡದಿಂದ ನೀರಿನ ಟಾಕಿಗೆ, ಅಲ್ಲಿಂದ ಕರೆಂಟಿನ ಕಂಬಕ್ಕೆ. ಕಂಬಕ್ಕೆ ಕಟ್ಟಲು ಯಾರನ್ನೂ ಕೇಳಿರಲಿಲ್ಲ. ಒಂದು ಮುಂಜಾನೆ ಕಾಕಾ ನಮ್ಮ ಬಾಗಿಲಿಗೆ ಬಂದರು. ನಾನು ಕಟ್ಟಿದ ತಂತಿಯನ್ನೆಲ್ಲ ಬಿಚ್ಚಿ, ನೀಟಾಗಿ ಸುರುಳಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತಂದಿದ್ದರು. ನಿನ್ನ ಸಾಮಾನು ನಮ್ಮ ಕಂಬದ ಮೇಲೆ ಉಳಿದಿತ್ತು ಎಂದು ಹೇಳಿ ಅವ್ವನ ಕಡೆ ಒಂದು ನಮಸ್ಕಾರ ಮಾಡಿ ಹೋದರು. ಸಿಟ್ಟು ಇಲ್ಲ, ಬೈಗುಳ ಇಲ್ಲ. ನಾನು ಮತ್ತೆ ಕಟ್ಟಿದೆ. ಅವರು ಮತ್ತೆ ಸುರುಳಿ ಸುತ್ತಿ ತಂದರು. ಮೂರನೆಯ ಸಲ ಅವ್ವ ಚಹಾ ಕೊಟ್ಟು ಕೂರಿಸಿದಳು. ಚಹಾ ಕುಡಿದು ಎದ್ದವರು ಒಂದು ಡಬ್ಬಿ ಕೆಂಪು ಬಣ್ಣ ತಂದು, ನಮ್ಮ ಓಣಿಯ ಪ್ರತಿಯೊಂದು ಕಂಬಕ್ಕೂ ಆಳೆತ್ತರಕ್ಕಿಂತ ಸಾಕಷ್ಟು ಮೇಲೆ ಒಂದು ಗೆರೆ ಎಳೆದರು. ಗೆರೆಯ ಕೆಳಗೆ ನಿನ್ನದು, ಮೇಲೆ ನನ್ನದು ಎಂದರು. ಆಮೇಲೆ ಹನ್ನೆರಡು ವರ್ಷ ನಮ್ಮಿಬ್ಬರಿಗೆ ಜಗಳವಾಗಲಿಲ್ಲ. ಪುಕ್ಕಟೆ ಕನೆಕ್ಷನ್ ಕೊಡುತ್ತೇನೆಂದರೂ ಅವರು ತಗೊಳ್ಳಲಿಲ್ಲ. ಟಿವಿ ನೋಡುವವರ ಕಣ್ಣು ಕೆಳಗೆ ಇಳಿದುಬಿಡುತ್ತದೆ, ತನ್ನದು ಮೇಲೆ ನೋಡುವ ನೌಕರಿ ಎಂದರು.

ಹೊಸ ಶತಮಾನದ ಐದಾರು ವರ್ಷ ಕಳೆಯುವಷ್ಟರಲ್ಲಿ ಜನ ತಮ್ಮತಮ್ಮ ಮಾಳಿಗೆಯ ಮೇಲೆ ಬೋಗುಣಿಯಷ್ಟು ಸಣ್ಣ ಡಿಶ್ಶುಗಳನ್ನು ಕೂರಿಸತೊಡಗಿದರು. ನನ್ನ ತಂತಿ ಯಾರಿಗೂ ಬೇಡವಾಯಿತು. ಊರ ಹೊರಗೆ ಪ್ರವಾಸಿ ಮಂದಿರದ ಹಿಂದೆ ಹೊಸ ಬಡಾವಣೆ ಎದ್ದಿತ್ತು. ಕಾಲೇಜಿನವರು, ಡಾಕ್ಟರು, ಆಫೀಸಿನವರು ಮನೆ ಕಟ್ಟಿದ್ದರು. ಅವರಿಗೆ ಟಿವಿಗಿಂತ ಇಂಟರ್ನೆಟ್ ಬೇಕಾಗಿತ್ತು. ವಿಜಾಪುರದಲ್ಲಿ ಫೈಬರ್ ಎಂಬ ಗಾಜಿನ ತಂತಿ ಎಳೆದು ಅದರೊಳಗೆ ಚಾನಲ್ಲು, ಇಂಟರ್ನೆಟ್ಟು ಎರಡನ್ನೂ ಕಳಿಸುವುದನ್ನು ನಾನು ನೋಡಿ ಬಂದಿದ್ದೆ. ನನ್ನ ಕಂಟ್ರೋಲ್ ರೂಮಿನಿಂದ ಬಡಾವಣೆಯವರೆಗೆ, ಆಮೇಲೆ ಅದರ ಓಣಿಓಣಿಗೆ, ಕರೆಂಟಿನ ಕಂಬಗಳ ಮೇಲೆ ಆ ತಂತಿ ಹೋಗಬೇಕು. ಯುಗಾದಿಯೊಳಗೆ ಕೊಡುತ್ತೇನೆಂದು ಅಲ್ಲಿಯ ಅಷ್ಟೂ ಮನೆಗಳಿಗೆ ಮಾತು ಕೊಟ್ಟಿದ್ದೆ. ತಪ್ಪಿದರೆ ಅವರೂ ಬೋಗುಣಿ ಕೂರಿಸುತ್ತಾರೆ, ನಾನು ಅಣ್ಣನ ಅಂಗಡಿಯಲ್ಲಿ ಗಜ ಹಿಡಿಯಬೇಕು. ಅಣ್ಣ ಈಗಾಗಲೇ ಒಂದು ಗಜ ಬೇರೆ ತೆಗೆದಿಟ್ಟಿದ್ದ.

ಈ ಸಲ ನಾನು ಶಿಸ್ತಾಗಿ ಅರ್ಜಿ ಕೊಟ್ಟು ಪರವಾನಗಿ ತಂದೆ. ಕಾಗದದ ಕೊನೆಗೆ ಒಂದು ಷರತ್ತಿತ್ತು. ಕಂಬದ ಮೇಲಿನ ಕೆಲಸವೆಲ್ಲ ಲೈನ್‌ಮನ್ ಎದುರಿಗೆ, ಫ್ಯೂಜು ತೆಗೆದ ಮೇಲೆಯೇ ಆಗಬೇಕು, ತಪ್ಪಿದರೆ ಪರವಾನಗಿ ರದ್ದು. ಲೈನ್‌ಮನ್ ಅಂದರೆ ಕಾಕಾ. ಅವರು ವಾರಕ್ಕೆ ಒಂದು ದಿನ, ಬುಧವಾರ, ಒಂದು ಓಣಿ ಎಂದರು. ನಾನು ಲೆಕ್ಕ ಹಾಕಿದೆ, ಯುಗಾದಿಯಲ್ಲ, ಅದರ ಮುಂದಿನ ಯುಗಾದಿಯೂ ದಾಟುತ್ತಿತ್ತು.

ಅವರಿಗೆ ತಿಳಿಸಿ ಹೇಳೋಣವೆಂದು ಫೈಬರಿನ ಒಂದು ತುಂಡನ್ನು ತಗೊಂಡು ಹೋದೆ. ಇದು ಗಾಜು ಕಾಕಾ, ಗಾಜಿನೊಳಗೆ ಕರೆಂಟು ಹರಿಯುವುದಿಲ್ಲ, ಇದರೊಳಗೆ ಹೋಗುವುದು ಬರೀ ಬೆಳಕು, ಇದಕ್ಕೆ ಫ್ಯೂಜು ತೆಗೆಯುವ ಅಗತ್ಯವೇ ಇಲ್ಲ ಎಂದು ಒಂದು ಭಾಷಣ ಮಾಡಿದೆ. ಅವರು ತುಂಡನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಹೊರಳಿಸಿದರು.

"ಗಾಜು ಖರೆ. ಗಾಜ ಹಿಡದದ್ದು ಏನು?"

ಕಂಬದಿಂದ ಕಂಬಕ್ಕೆ ಜೋತುಬೀಳದ ಹಾಗೆ ಆ ಗಾಜನ್ನು ಹಿಡಿದಿದ್ದದ್ದು ಜೊತೆಯಲ್ಲೇ ಹೊಲಿದ ಉಕ್ಕಿನ ತಂತಿ. ಬುಧವಾರ ಬಾ ಎಂದು ಹೇಳಿ ಅವರು ಹೋದರು.

ಈಗ ನಮ್ಮೂರ ಕರೆಂಟಿನ ವೇಳಾಪಟ್ಟಿಯ ಬಗ್ಗೆ ಒಂದು ಮಾತು ಹೇಳಬೇಕು. ಆ ವರ್ಷ ದಿನಾ ಮುಂಜಾನೆ ಹತ್ತಕ್ಕೆ ಕರೆಂಟು ಹೋಗಿ ಹನ್ನೆರಡಕ್ಕೆ ಬರುತ್ತಿತ್ತು. ಬಸ್ಸು ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ನಾವು ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದೆವು. ಹೋಯಿತೋ ಇಲ್ಲವೋ ಎಂದು ಯಾರೂ ಗುಂಡಿ ಒತ್ತಿ ನೋಡುತ್ತಿರಲಿಲ್ಲ. ಬಡಾವಣೆಗೆ ಹತ್ತಿಕೊಂಡು ಒಂದು ಹಿಟ್ಟಿನ ಗಿರಣಿಯಿತ್ತು. ಅದರ ಸಪ್ಪಳ ನಿಂತಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ಹೆಂಗಸರು ಜೋಳದ ಬುಟ್ಟಿ ಹೊತ್ತು ಅರ್ಧ ದಾರಿಯಲ್ಲಿ ಆ ಮೌನ ಕೇಳಿ ಹೊಳ್ಳಿ ಹೋಗುತ್ತಿದ್ದರು. ನಾನೂ ಅದನ್ನೇ ನಂಬಿದವನು. ದಿನಾ ಎರಡು ತಾಸು ಕಂಬಗಳು ಸತ್ತು ನಿಂತಿರುತ್ತವೆ, ಆ ಎರಡು ತಾಸಿಗೆ ಕಾಕಾನ ಬುಧವಾರ ಯಾಕೆ ಬೇಕು ಎಂದು ಒಂದು ಸೋಮವಾರ ಏಣಿ ಹೊತ್ತು ಹೊರಟೆ. ಯುಗಾದಿಗೆ ಹದಿನೈದು ದಿನ ಉಳಿದಿತ್ತು.

ಹತ್ತು ಹೊಡೆಯಿತು. ಗಿರಣಿಯ ಸಪ್ಪಳ ಇರಲಿಲ್ಲ. ನಾನು ಯಾರಿಗೂ ಕೂಗಿ ಹೇಳದೆ, ಏಣಿ ಹಚ್ಚಿ ಏರಿದೆ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಅಂದು ಒಬ್ಬ ಮಂತ್ರಿ ತಂಗಡಗಿಗೆ ಹೋಗುವ ದಾರಿಯಲ್ಲಿ ನಮ್ಮ ಪ್ರವಾಸಿ ಮಂದಿರದಲ್ಲಿ ಇಳಿದಿದ್ದರು. ಅವರು ಊಟ ಮುಗಿಸಿ ಹೋಗುವವರೆಗೆ ಕರೆಂಟು ತೆಗೆಯಕೂಡದೆಂದು ಮೇಲಿನಿಂದ ಅಪ್ಪಣೆ ಬಂದಿತ್ತು. ಗಿರಣಿ ನಿಂತದ್ದು ಕರೆಂಟು ಹೋಗಿ ಅಲ್ಲ. ಗಿರಣಿಯಾತ ಬಾಗಿಲು ಹಾಕಿಕೊಂಡು ಮಂತ್ರಿಯವರನ್ನು ನೋಡಲು ಹೋಗಿದ್ದ.

ಕರೆಂಟು ಹೋಗದ ಹಾಗೆ ನೋಡಿಕೊಳ್ಳಲು ಅಂದು ಕಾಕಾನನ್ನು ಟಿ.ಸಿ. ಕಟ್ಟೆಯ ಹತ್ತಿರವೇ ನಿಲ್ಲಿಸಿದ್ದರು. ಆ ಟಿ.ಸಿ. ನಮ್ಮ ಮನೆಯ ಎದುರಿಗೆ. ನಮ್ಮ ಓಣಿಗೂ ಬಡಾವಣೆಗೂ ಪ್ರವಾಸಿ ಮಂದಿರಕ್ಕೂ ಅದೊಂದೇ. ರೂಢಿಯಂತೆ ಅವರು ತಂತಿಯ ಗುಂಟ ಕಣ್ಣಾಡಿಸಿದರು. ಆರನೆಯ ಕಂಬದ ಮೇಲೆ ಒಬ್ಬ ಮನುಷ್ಯ. ಗೆರೆಯ ಮೇಲೆ. ಕೈಯಲ್ಲಿ ಉಕ್ಕಿನ ತಂತಿ ಎಳೆಯುತ್ತಿದ್ದಾನೆ. ಕೂಗಬಹುದಿತ್ತು. ಕೂಗಿದರೆ ಆ ಮನುಷ್ಯ ಬೆಚ್ಚಿ ಕೈ ಎಲ್ಲಿಡುತ್ತಾನೋ ಗೊತ್ತಿಲ್ಲ ಎಂದು ಅವರು ಕೂಗಲಿಲ್ಲವಂತೆ. ಮೂರೂ ಫ್ಯೂಜು ಕಿತ್ತು ಕೆಂಪು ಚೀಲಕ್ಕೆ ಹಾಕಿ ನಾಲ್ಕು ಹೆಜ್ಜೆಯಲ್ಲಿ ನಮ್ಮ ಮನೆಯ ಕಟ್ಟೆ ಏರಿದರು. ಚೀಲ ತನ್ನ ಹತ್ತಿರವೇ ಇದ್ದರೆ ಸಾಹೇಬರು ಹಾಕು ಎಂದಾಗ ಹಾಕಬೇಕಾಗುತ್ತದೆ. ಅವ್ವನಿಗೆ ಹಾಕು ಎನ್ನುವ ಸಾಹೇಬ ಆ ತಾಲೂಕಿನಲ್ಲಿ ಇರಲಿಲ್ಲ.

ಅವ್ವ ಕಟ್ಟೆಯ ಮೇಲೆ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು. ಚೀಲ ಹಿಡಿದು ರೂಢಿಯಾದವಳು. ಇಂದು ಏರಿದವರು ಯಾರು, ನೀವಂತೂ ಕೆಳಗೇ ಇದ್ದೀರಲ್ಲ ಎಂದು ಕೇಳಿದಳು.

"ನಿಮ್ಮ ಮಗಾ ಏರ್ಯಾನ್ರಿ ಯವ್ವಾ."

ಅಷ್ಟು ಹೇಳಿ ಅವರು ನನ್ನ ಕಂಬದ ಕಡೆ ನಡೆದು ಬಂದರು. ಓಡಲಿಲ್ಲ. ನಾನು ಮೇಲಿಂದ ನೋಡಿದೆ, ಬಿಳಿ ಟೋಪಿ ಬರುತ್ತಿತ್ತು. ಸಿಕ್ಕಿಬಿದ್ದೆನಲ್ಲ ಎಂದು ನಾಚಿಕೆಯಾಗಿ, ನಾನೇ ಮೊದಲು ಮಾತು ತೆಗೆದೆ.

"ಕಾಕಾ, ಕರೆಂಟ ಹತ್ತಕ್ಕ ಹೋಗೇತ್ರಿ."

"ಇವತ್ತ ಹೋಗಿದ್ದಿಲ್ಲ," ಎಂದರು. "ಈಗ ಹೋತು. ಇಳಿ."

ನಾನು ಕೈಯಲ್ಲಿದ್ದ ಉಕ್ಕಿನ ತಂತಿಯನ್ನು ನೋಡಿದೆ. ಅದರ ಮೇಲಿನ ಬರಿಯ ತಂತಿಯನ್ನು ನೋಡಿದೆ. ಎರಡರ ನಡುವೆ ಒಂದು ಗೇಣೂ ಇರಲಿಲ್ಲ. ಎರಡು ನಿಮಿಷದಲ್ಲಿ ಏರಿದ ಏಣಿಯನ್ನು ಇಳಿಯಲು ಅರ್ಧ ತಾಸು ಬೇಕಾಯಿತು. ಅಷ್ಟೂ ಹೊತ್ತು ಕಾಕಾ ಏಣಿಯ ಬುಡ ಹಿಡಿದು ನಿಂತು, ಈಗ ಎಡಗಾಲು, ಈಗ ಬಲಗಾಲು ಎಂದು ಹೇಳಿಕೊಡುತ್ತಿದ್ದರು. ನಾನು ಆ ದಿನ ಸತ್ತುಹೋಗಬೇಕಾದವನು. ಅದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ, ಆದರೆ ಬಹಳ ದಿನ ಏಣಿಗೆ ಕಾಲಿಡುವ ಮೊದಲು ಮೇಲಿನ ತಂತಿಯನ್ನು ಎರಡು ಸಲ ನೋಡುತ್ತಿದ್ದೆ.

ಆ ಅರ್ಧ ತಾಸು ಮಂತ್ರಿಗಳು ಸೆಕೆಯಲ್ಲಿ ಕೂತರು. ಕರೆಂಟ್ ಆಫೀಸಿನ ಸೆಕ್ಷನ್ ಸಾಹೇಬರು ಜೀಪು ಹತ್ತಿ ಟಿ.ಸಿ.ಗೆ ಬಂದರೆ ಅಲ್ಲಿ ಫ್ಯೂಜೂ ಇಲ್ಲ, ಲೈನ್‌ಮನ್ನೂ ಇಲ್ಲ. ಎದುರಿನ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕೆಂಪು ಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡು ಕೂತಿದ್ದಾಳೆ. ಮುಂದಿನದನ್ನು ನನಗೆ ಹೇಳಿದವರು ಓಣಿಯವರು, ಒಬ್ಬೊಬ್ಬರೂ ಒಂದಿಷ್ಟು ಸೇರಿಸಿ. ಸಾಹೇಬರು ಮೊದಲು ಮರ್ಯಾದೆಯಿಂದ ಕೇಳಿದರು, ಆಮೇಲೆ ಜೋರು ಮಾಡಿದರು, ಆಮೇಲೆ ಮಂತ್ರಿಗಳ ಹೆಸರು ಹೇಳಿದರು. ಅವ್ವ ಒಳಗೆ ಸೊಸೆಗೆ ಹೇಳಿ ಒಂದು ಬೀಸಣಿಗೆ ತರಿಸಿ ಸಾಹೇಬರ ಮುಂದೆ ಹಿಡಿದಳಂತೆ.

"ಮಂತ್ರಿಗೋಳಿಗೆ ಇದನ್ನ ಒಯ್ದ ಕೊಡ್ರಿ. ನನ್ನ ಮಗನ ಎರಡೂ ಕಾಲ ನೆಲಕ್ಕ ಹತ್ತೂಮಟ ಇದನ್ನ ಕೊಡೂದಿಲ್ರಿ."

ಬೀಸಣಿಗೆಯನ್ನು ಸಾಹೇಬರು ಒಯ್ದರೋ ಇಲ್ಲವೋ, ಇದರ ಬಗ್ಗೆ ಓಣಿಯಲ್ಲಿ ಎರಡು ಪಕ್ಷಗಳಿವೆ. ನಾನು ಹೋದಾಗ ಅವ್ವ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಎರಡನ್ನೂ ನೋಡಿ, ಚೀಲವನ್ನು ಕಾಕಾನ ಕೈಗೆ ಕೊಟ್ಟು, ಒಳಗೆ ಹೋಗಿ ಅತ್ತಳು.

ಕಾಕಾನಿಗೆ ನೋಟಿಸು ಬಂತು. ಮಂತ್ರಿಗಳ ಭೇಟಿಯ ವೇಳೆಗೆ ಕರೆಂಟು ಯಾಕೆ ತೆಗೆದಿರಿ ಎಂದು. ಅವರು ಒಂದೇ ಸಾಲಿನ ಉತ್ತರ ಬರೆದರು: ಕಂಬದ ಮೇಲೆ ಮನುಷ್ಯ ಇದ್ದನು. ಯಾವ ಮನುಷ್ಯ ಎಂದು ಎರಡನೆಯ ನೋಟಿಸು ಬಂತು. ಸಾಹೇಬರಿಗೂ ಗೊತ್ತಿತ್ತು, ಅರ್ಧ ಊರಿಗೆ ಗೊತ್ತಿತ್ತು, ಆದರೆ ಕಾಗದದ ಮೇಲೆ ಬರಬೇಕಲ್ಲ. ಕಾಕಾ ಬರೆದರು: ಕೆಳಗಿನಿಂದ ಮುಖ ಕಾಣಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಒಂದೂ ಕಪ್ಪು ಗುರುತಿಲ್ಲದವರು, ನಿವೃತ್ತಿಗೆ ನಾಲ್ಕು ತಿಂಗಳಿರುವಾಗ, ಇದ್ದ ಊರಿನಿಂದ ತಂಗಡಗಿಗೆ ವರ್ಗವಾದರು. ದಿನಾ ಬಸ್ಸಿನಲ್ಲಿ ಹೋಗಿ ಬರುವುದಾಯಿತು. ನಾನು ಬಾಯಿ ಬಿಟ್ಟಿದ್ದರೆ ವರ್ಗಾವಣೆ ನಿಲ್ಲುತ್ತಿತ್ತು. ನನ್ನ ಪರವಾನಗಿಯೂ ನಿಲ್ಲುತ್ತಿತ್ತು.

ಎಂಟು ದಿನ ತಡೆದುಕೊಂಡೆ. ಒಂಬತ್ತನೆಯ ದಿನ ತಂಗಡಗಿಗೆ ಹೋದೆ. ಹೊಳೆಯ ದಂಡೆಗೆ ಒಂದು ಕಂಬದ ಕೆಳಗೆ ಅವರು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಅಲ್ಲಿಯ ಹೆಂಗಸರಿಗೆ ಚೀಲದ ಪರಿಚಯ ಇನ್ನೂ ಆಗಿರಲಿಲ್ಲ, ಇದರೊಳಗೆ ಏನಿದೆ ಎಂದು ಬಿಚ್ಚಿ ನೋಡುತ್ತಾರೆ ಎಂದು ಸ್ವಲ್ಪ ಬೇಸರದಲ್ಲಿದ್ದರು. ನಾನು ಆಫೀಸಿಗೆ ಹೋಗಿ ಬರೆದುಕೊಡುತ್ತೇನೆ, ಆ ಮುಖ ನನ್ನದು ಎಂದು ಹೇಳುತ್ತೇನೆ ಎಂದೆ. ಅವರು ನನಗೂ ಅರ್ಧ ರೊಟ್ಟಿ ಮುರಿದು ಕೊಟ್ಟರು.

"ನಿನ್ನ ಕಂಬ ಎಷ್ಟ ಉಳದಾವು?"

"ನೂರರ ಮ್ಯಾಲ ಅದಾವ್ರಿ."

"ಮೊದಲ ಅವನ್ನ ಮುಗಸು. ಆಮ್ಯಾಲ ಹೇಳೀಯಂತ."

ನಾನು ಬೇಗ ಒಪ್ಪಿಕೊಂಡೆ. ಎಷ್ಟು ಬೇಗ ಎಂಬುದನ್ನು ನೆನೆದರೆ ಈಗಲೂ ತಲೆ ತಗ್ಗಿಸಬೇಕೆನಿಸುತ್ತದೆ. ಮಾತು ಬದಲಿಸಲೆಂದು, ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಮಾತನ್ನು ಕೇಳಿದೆ. ಅವರ ಮನೆ ಹಳೆ ಊರಿನಲ್ಲಿ. ಬಾಗಿಲಿನ ಮುಂದೆಯೇ ಒಂದು ಕಂಬ. ಅದನ್ನು ಏರುವಾಗ ಮಾತ್ರ ಚೀಲವನ್ನು ಪಕ್ಕದ ಮನೆಗೆ ಕೊಡುತ್ತಿದ್ದರು. ಕಾಕು, ಅಂದರೆ ಅವರ ಹೆಂಡತಿ, ಹೊಸ್ತಿಲಲ್ಲೇ ನಿಂತಿದ್ದರೂ ಆಕೆಯ ಕೈಗೆ ಕೊಡುತ್ತಿರಲಿಲ್ಲ. ಯಾಕೆ ಎಂದು ಕೇಳಿದೆ. ಅವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು.

"ಆಕಿ ಕೈಯಾಗ ಕೊಟ್ರ ನನ್ನ ಕಾಲ ಮ್ಯಾಲ ಏಳೂದಿಲ್ಲೋ ತಮ್ಮಾ."

ನಾನು ಕಂಬಗಳನ್ನು ಮುಗಿಸಿದೆ. ಹೊಸ ಲೈನ್‌ಮನ್ ವಾರಕ್ಕೆ ನಾಲ್ಕು ದಿನ ಬಂದ. ಯುಗಾದಿ ದಾಟಿ ಒಂದೂವರೆ ತಿಂಗಳಿಗೆ ಬಡಾವಣೆಯಲ್ಲಿ ಇಂಟರ್ನೆಟ್ ಬಂತು. ಜನ ಕಾಯ್ದರು, ಅದು ಅವರ ದೊಡ್ಡತನ. ಅಣ್ಣ ಗಜವನ್ನು ಬೇರೆಯವನಿಗೆ ಕೊಟ್ಟ. ನಾನು ಮಾತ್ರ ಪ್ರತಿ ಕಂಬದ ಬುಡಕ್ಕೂ ನಿಂತು, "ಕಂಬ ಏರಾಕತ್ತೇನ್ರೀ" ಎಂದು ಕೂಗಿದ ಮೇಲೆಯೇ ಏರಿದೆ. ಬಡಾವಣೆಯ ಡಾಕ್ಟರ ಹೆಂಡತಿ, ಬಚ್ಚಲುಗಳಿಗೆಲ್ಲ ಆರ್.ಸಿ.ಸಿ. ಇರುವ ಈ ಕಾಲದಲ್ಲಿ ಯಾಕೆ ಹೀಗೆ ಒದರುತ್ತೀರಿ ಎಂದು ಕೇಳಿದ್ದರು. ನಾನು ಕಾಗದದಲ್ಲಿ ಷರತ್ತಿದೆ ಎಂದೆ.

ಕಾಕಾ ನಿವೃತ್ತರಾದ ದಿನ ಆಫೀಸಿನಲ್ಲಿ ಹಾರ, ಭಾಷಣ ಏನೂ ಆಗಲಿಲ್ಲ. ನೋಟಿಸು ಬಾಕಿ ಇದ್ದವರಿಗೆ ಬೀಳ್ಕೊಡುಗೆ ಮಾಡುವುದು ಹೇಗೆ ಎಂದು ಸಾಹೇಬರಿಗೆ ತಿಳಿಯಲಿಲ್ಲವಂತೆ. ಅವರು ತಂಗಡಗಿಯ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದು, ಬರಿದಾದ ಕೆಂಪು ಚೀಲವನ್ನು ಅವ್ವನ ಕೈಗೆ ಕೊಟ್ಟು, ಇನ್ನು ಮುಂದೆ ನಿಮ್ಮ ಮಗನೇ ಏರುತ್ತಾನೆ ಎಂದರು. ಅವ್ವ ಅದನ್ನು ಎರಡೂ ಕೈಯಿಂದ ತಗೊಂಡಳು. ನಾನು ಅಲ್ಲೇ ನಿಂತಿದ್ದೆ. ಕಂಬಗಳು ಮುಗಿದಿದ್ದವು. ಆಮೇಲೆ ಹೇಳೀಯಂತೆ ಎಂದಿದ್ದರಲ್ಲ, ಆ ಆಮೇಲೆ ಬಂದಿತ್ತು. ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ, ಚಹಾ ಕುಡಿದು ಹೋದರು. ಅದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಕೆಳಗಿನಿಂದ ಅವರಿಗೆ ಕಾಣದ ಮುಖ ನನ್ನದು.

ಎರಡು ವರ್ಷಕ್ಕೆ ಅವರು ತೀರಿಕೊಂಡರು. ಮನೆಯಲ್ಲಿ, ಮಂಚದ ಮೇಲೆ, ಮಧ್ಯಾಹ್ನದ ಊಟದ ನಂತರ. ಮಣ್ಣಿಗೆ ಬಂದ ಲೈನ್‌ಮನ್‌ಗಳು, ನಮ್ಮ ಕೆಲಸದವರಿಗೆ ಇದು ದೊಡ್ಡ ಸಾವು ಎಂದು ಮಾತಾಡಿಕೊಂಡರು. ಹೆಂಗಸರು ಬಹಳ ಬಂದಿದ್ದರು. ಪಿಂಜಾರರ ಓಣಿಯ ಆಪಾ ಬಂದಿದ್ದಳು, ಟ್ರೆಜರಿಯ ಕಥೆಯನ್ನು ತಾನೇ ಹೇಳಿ ತಾನೇ ಅತ್ತಳು. ಒಂದಲ್ಲ ಒಂದು ದಿನ ಅವರೆಲ್ಲರೂ ಆ ಚೀಲ ಹಿಡಿದವರೇ.

ಊರಿಗೆಲ್ಲ ಫೈಬರ್ ಎಳೆದರೂ ಹಳೆ ಊರಿನ ಅವರ ಓಣಿಯೊಂದನ್ನು ನಾನು ಬಿಟ್ಟಿದ್ದೆ. ಅಲ್ಲಿಯ ಕಂಬ ಹಳೆಯವು ಎಂದು ಕೇಳಿದವರಿಗೆ ಹೇಳುತ್ತಿದ್ದೆ. ಅವರು ಹೋಗಿ ಐದಾರು ತಿಂಗಳ ಮೇಲೆ ಓಣಿಯವರೇ ಬಂದು ಗಂಟು ಬಿದ್ದರು. ಹೊಸ ಲೈನ್‌ಮನ್ ಫ್ಯೂಜು ಕಿತ್ತುಕೊಟ್ಟ. ನಾನು ಅವನ್ನು ಕೆಂಪು ಚೀಲಕ್ಕೆ ಹಾಕಿಕೊಂಡು, ಪಕ್ಕದ ಮನೆ ದಾಟಿ, ಕಾಕು ಕೂತಿದ್ದ ಹೊಸ್ತಿಲಿಗೆ ಹೋದೆ. ಇದು ನನ್ನ ಜೀವ ಎಂದು ಅಷ್ಟು ವರ್ಷ ಕಾಕಾ ಹೇಳಿದ ಮಾತನ್ನು ಹೇಳಬೇಕೆಂದುಕೊಂಡಿದ್ದೆ, ಬಾಯಿಗೆ ಬರಲಿಲ್ಲ. ಹಿಡಿದುಕೊಳ್ಳಿರಿ ಕಾಕು ಎಂದಷ್ಟೇ ಹೇಳಿ ಚೀಲ ನೀಡಿದೆ.

ಆಕೆ ಚೀಲವನ್ನು ಹಿಂದೆಮುಂದೆ ಹೊರಳಿಸಿ, ಬಾಯಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದನ್ನ ಹೊಲದಾಕಿ ನಾನು. ಊರಾನ ಹೆಣ್ಣಮಕ್ಕಳ ಕೈಯಾಗೆಲ್ಲ ಕೊಟ್ರು. ನನ್ನ ಕೈಯಾಗ ಒಂದ ದಿನಾ ಕೊಡಲಿಲ್ಲ."

ಅದರಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. ನಾನು ಆಗ ತಂಗಡಗಿಯ ಹೊಳೆದಂಡೆಯ ಮಾತನ್ನು ಹೇಳಿದೆ. ನಿಮ್ಮ ಕೈಗೆ ಕೊಟ್ಟರೆ ಕಾಲು ಮೇಲೆ ಏಳುವುದಿಲ್ಲ ಎಂದಿದ್ದರು ಎಂದೆ. ಆಕೆ ಸೆರಗನ್ನು ಸರಿಪಡಿಸಿಕೊಂಡು, ಚೀಲವನ್ನು ಮಡಿಲಲ್ಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು.

ನಾನು ಕೂಗಿದೆ, ಕಾಯ್ದೆ, ಏರಿದೆ. ತಂತಿ ಬಿಗಿದು ಇಳಿದು ಬಂದು ಹೊಸ್ತಿಲ ಮುಂದೆ ನಿಂತು, "ಇಳದೇನ್ರಿ ಕಾಕು" ಎಂದೆ. ಆಕೆ ನನ್ನನ್ನು ನೋಡಲಿಲ್ಲ. ಕಂಬದ ತುದಿಯನ್ನು ನೋಡುತ್ತ ಕೂತಿದ್ದಳು. ಅಲ್ಲೇ ನೋಡುತ್ತ ಕೇಳಿದಳು.

"ಎರಡೂ ಕಾಲ?"

"ಎರಡೂ ಕಾಲ ಕಾಕು."

ಆಕೆ ಕೈ ತೆಗೆಯಲಿಲ್ಲ. ನಾನೂ ಕೈ ಚಾಚಲಿಲ್ಲ, ಏಣಿಯ ಪಕ್ಕ ಕೂತೆ. ಹೊಸ ಲೈನ್‌ಮನ್ ಒಮ್ಮೆ ಬಂದು ನೋಡಿ ಟೋಪಿ ತೆಗೆದು ದೂರ ಹೋಗಿ ನಿಂತ. ಆ ದಿನ ಓಣಿಗೆ ಕರೆಂಟು ಬಂದದ್ದು ಹೊತ್ತು ಇಳಿದ ಮೇಲೆ. ಅದಕ್ಕೂ ಮೊದಲು ಜನ ಹೊರಗೆ ಬಂದರು, ಕಾಕಾನ ಮನೆಯ ಹೊಸ್ತಿಲ ಕಡೆ ನೋಡಿದರು, ಒಳಗೆ ಹೋದರು. ಯಾರ ಕೈಯಲ್ಲಿದೆ ಎಂದು ಯಾರೂ ಕೇಳಲಿಲ್ಲ.